ದನಿಗೊಂದು ಕವಲುಗಾಲುವೆ

ಓಲೆಗರಿಯ ಕಾಲದಲ್ಲಿ ಕಾವ್ಯವೊಂದು ಬಾಳಿ ಉಳಿಯುವುದು ಕವಿಯೊಬ್ಬನ ಕೈಯಲ್ಲಿರಲಿಲ್ಲ, ಲಿಪಿಕಾರನ ಕೈಯಲ್ಲಿತ್ತು. ಕವಿ ಬರೆದುದನ್ನು ಯಾವನೋ ಒಬ್ಬ ಲಿಪಿಕಾರ ಕತ್ತು ಬಗ್ಗಿಸಿ, ಕಣ್ಣು ನೋಯಿಸಿಕೊಂಡು ಪ್ರತಿಮಾಡಿದ. ಆ ಪ್ರತಿಗೆ ಹುಳು ಹಿಡಿಯುವ ಮುನ್ನ ಮತ್ತೊಬ್ಬ ಅದರಿಂದ ಇನ್ನೊಂದು ಪ್ರತಿ ತೆಗೆದ. ಯಳಂದೂರಿನ ನಾವು ಈ ಋಣವನ್ನು ಮರೆಯುವಂತಿಲ್ಲ. 17ನೆಯ ಶತಮಾನದಲ್ಲಿ ಈ ಊರಿನೊಡನೆ ತನ್ನ ಹೆಸರನ್ನು ಬೆಸೆದುಕೊಂಡ ಷಡಕ್ಷರದೇವನ ‘ರಾಜಶೇಖರವಿಳಾಸ’ವಾಗಲಿ, ಇಲ್ಲಿಂದ ಹೋಗಿ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುತ್ತಿದ್ದ ಹೊನ್ನಮ್ಮನ ‘ಹದಿಬದೆಯ ಧರ್ಮ’ವಾಗಲಿ ಇಂದು ನನ್ನ ತರಗತಿಯ ಮೇಜಿನ ಮೇಲೆ ಇರುವುದಾದರೆ, ಅದಕ್ಕೆ ಕಾರಣ ಅಂಥ ಲಿಪಿಕಾರರ ಬೇಸರವರಿಯದ ದುಡಿಮೆಯೇ.

ಆದರೆ ಇದೇ ಮಣ್ಣಿನಲ್ಲಿ ಇನ್ನೊಂದು ಸಾಹಿತ್ಯ ಬೆಳೆಯಿತು. ಅದಕ್ಕೆ ಓಲೆಯೂ ಇಲ್ಲ, ಕಂಠವೂ ಇಲ್ಲ. ಓಲೆಗೆ ಬರೆಯುವ ಕಂಠವಿಲ್ಲದಿದ್ದರೂ ಹಾಡುವ ಕಂಠವಿತ್ತು. ಹನೂರು ತಾಲ್ಲೂಕಿನ ಏಳುಮಲೆಯ ಮಾದೇಶ್ವರನ ಕಥೆಯನ್ನು ಕಂಸಾಳೆ ಹಿಡಿದ ದೇವರಗುಡ್ಡರು ಹಾಡಿದರು. ಮಂಟೇಸ್ವಾಮಿ, ರಾಚಪ್ಪಾಜಿ, ಸಿದ್ದಪ್ಪಾಜಿಯರ ಕಥೆಯನ್ನು ತಂಬೂರಿ ಹಿಡಿದ ನೀಲಗಾರರು ಹಾಡಿದರು. ಇಂದಿಗೂ ಬನದ ಹುಣ್ಣಿಮೆಯ ಸುಮಾರಿಗೆ ಕೊಳ್ಳೇಗಾಲದ ಆಚೆಯ ಚಿಕ್ಕಲ್ಲೂರಿನಲ್ಲಿ ಐದು ದಿನ ಜಾತ್ರೆ ನೆರೆದಾಗ ಆ ದನಿ ಕೇಳಬರುತ್ತದೆ. ನಮ್ಮ ಊರಿನಿಂದ ಕತ್ತೆತ್ತಿದರೆ ಕಾಣುವ ಬಿಳಿಗಿರಿಯ ಬೆಟ್ಟದಲ್ಲಿ ಸೋಲಿಗರು ಗೊರುಕನ ಹಾಡುಗಳನ್ನು ಹಾಡಿಕೊಂಡು ಬಂದರು. ಈ ಸಾಹಿತ್ಯಕ್ಕೆ ಲಿಪಿಕಾರ ಯಾರು? ಒಂದು ಕಾಲಕ್ಕೆ ಶಿಷ್ಯನೇ ಗುರುವಿನ ಪ್ರತಿ. ಶಿಷ್ಯನಿಲ್ಲದ ಮನೆಯಲ್ಲಿ ಕಾವ್ಯವೂ ಮುಗಿಯಿತು.

ವಿದ್ವಾಂಸರು ಸುಮ್ಮನಿರಲಿಲ್ಲವೆಂಬುದನ್ನು ಕೃತಜ್ಞತೆಯಿಂದ ಹೇಳಬೇಕು. ಪಿ.ಕೆ. ರಾಜಶೇಖರ ಅವರು ಮಾದೇಶ್ವರನ ಕಾವ್ಯವನ್ನು 1973ರಲ್ಲಿ ಗ್ರಂಥರೂಪಕ್ಕೆ ತಂದರು. ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ ಪಾಠವನ್ನು ಕೇಶವನ್ ಪ್ರಸಾದ್ ಅವರು ಸಂಗ್ರಹಿಸಿದರು. ಅದರ ಇಂಗ್ಲಿಷ್ ಅನುವಾದವನ್ನು ಸಾಹಿತ್ಯ ಅಕಾದೆಮಿ 2001ರಲ್ಲಿ ಪ್ರಕಟಿಸಿತು. ಇವು ದೊಡ್ಡ ಕೆಲಸಗಳು. ಆದರೆ ಅಚ್ಚಿನ ಪುಸ್ತಕ ಮಾತನ್ನು ಹಿಡಿದೀತು, ದನಿಯನ್ನು ಹಿಡಿಯಲಾರದು. ಗಾಯಕ ಎಲ್ಲಿ ಉಸಿರೆಳೆದ, ಎಲ್ಲಿ ಗದ್ಗದನಾದ, ಹಿಮ್ಮೇಳದವನು ಯಾವ ಮಾತಿಗೆ ಹೂಂಗುಟ್ಟಿದ, ಕಂಸಾಳೆಯ ಪೆಟ್ಟು ಯಾವ ಅಕ್ಷರದ ಮೇಲೆ ಬಿತ್ತು ಎಂಬುದು ಪುಟದ ಮೇಲೆ ಕಾಣುವುದಿಲ್ಲ. ಅದು ಉಳಿದಿದ್ದರೆ ಧ್ವನಿಸುರುಳಿಯಲ್ಲಿ ಮಾತ್ರ ಉಳಿದಿದೆ.

ಫಿಲಿಪ್ಸ್ ಕಂಪನಿ 1963ರಲ್ಲಿ ಅಂಗೈಯಗಲದ ಕ್ಯಾಸೆಟ್ಟನ್ನು ಲೋಕಕ್ಕೆ ತೋರಿಸಿತು. ಮುಂದಿನ ದಶಕಗಳಲ್ಲಿ ಅದು ನಮ್ಮ ಹಳ್ಳಿಗಳ ಒಳಮನೆಯವರೆಗೂ ಬಂತು. ಹಬ್ಬದ ರಾತ್ರಿ ಜಗಲಿಯ ಮೇಲೆ ಹಾಡು ನಡೆದರೆ ಮನೆಯ ಹುಡುಗನೊಬ್ಬ ಟೇಪ್ ರೆಕಾರ್ಡರನ್ನು ಗಾಯಕನ ಮುಂದಿಟ್ಟು ಗುಂಡಿ ಒತ್ತುತ್ತಿದ್ದ. ಹೀಗೆ ಹಿಡಿದ ಸುರುಳಿಗಳು ನಮ್ಮ ತಾಲ್ಲೂಕಿನ ಎಷ್ಟೋ ಮನೆಗಳಲ್ಲಿ, ಮದುವೆಯ ಆಲ್ಬಮ್ಮಿನ ಕೆಳಗೆ, ಟ್ರಂಕಿನ ತಳದಲ್ಲಿ ಮಲಗಿವೆ. ತೊಂಬತ್ತು ನಿಮಿಷದ ಕ್ಯಾಸೆಟ್ಟಿನೊಳಗೆ ನಾಲ್ಕು ಮಿಲಿಮೀಟರಿಗಿಂತಲೂ ಕಿರಿದಾದ ಪ್ಲಾಸ್ಟಿಕ್ ಪಟ್ಟಿಯೊಂದು ಸುಮಾರು 128 ಮೀಟರ್ ಉದ್ದ ಸುತ್ತಿಕೊಂಡಿರುತ್ತದೆ. ಅದರ ಮೈಗೆ ಸವರಿದ ಕಾಂತದ ಹುಡಿಯೇ ದನಿಯ ನೆನಪು. ಸೆಕೆಗೆ ಆ ಪಟ್ಟಿ ಹಿಗ್ಗುತ್ತದೆ. ಮಳೆಗಾಲದ ತೇವಕ್ಕೆ ಬೂಸಲು ಹಿಡಿಯುತ್ತದೆ. ವರ್ಷಗಟ್ಟಲೆ ಸುತ್ತಿಟ್ಟರೆ ಒಂದು ಸುತ್ತಿನ ದನಿ ಪಕ್ಕದ ಸುತ್ತಿಗೆ ನೆರಳಿನಂತೆ ಅಂಟುತ್ತದೆ. ಸುರುಳಿ ಗಟ್ಟಿಯಾಗಿದ್ದರೂ ಅದನ್ನು ನುಡಿಸುವ ಯಂತ್ರವೇ ಈಗ ಅಪರೂಪ. ರಿಪೇರಿ ಮಾಡಬಲ್ಲವರು ಅದಕ್ಕಿಂತಲೂ ಅಪರೂಪ.

ಕೆಲವು ವರ್ಷಗಳಿಂದ ನನ್ನ ಕನ್ನಡ ತರಗತಿಯ ಹುಡುಗ ಹುಡುಗಿಯರು ಇಂಥ ಸುರುಳಿಗಳನ್ನು ಮನೆಯಿಂದ ತರುತ್ತಿದ್ದಾರೆ. ಅವನ್ನು ಕಂಪ್ಯೂಟರಿಗೆ ಇಳಿಸುವುದು ನಮ್ಮ ಶನಿವಾರದ ಕೆಲಸ. ಒಬ್ಬ ಹುಡುಗ ತಂದ ಸುರುಳಿಯಲ್ಲಿ ನೀಲಗಾರರಾಗಿದ್ದ ಅವನ ತಾತನ ದನಿಯಿತ್ತು. ಆ ಹುಡುಗ ಹುಟ್ಟುವ ಮೊದಲೇ ತಾತ ತೀರಿಕೊಂಡಿದ್ದರು. ಮನೆಯಲ್ಲಿ ತಾತನ ಭಾವಚಿತ್ರವೂ ಇಲ್ಲ. ಇರುವುದು ಆ ಮುಕ್ಕಾಲು ಗಂಟೆಯ ಹಾಡೊಂದೇ. ಇಂಥ ಒಂದು ವಸ್ತು ಕೈಗೆ ಬಂದಾಗ ಯಂತ್ರದ ವಿಷಯ ತಿಳಿಯದೆಂದು ಕನ್ನಡ ಅಧ್ಯಾಪಕ ಕೈಚೆಲ್ಲಿ ಕೂರಲಾಗದು. ಆದ್ದರಿಂದ ನಾನು ಕಲಿತುಕೊಂಡುದನ್ನು, ಕಲಿಯುವಾಗ ನನಗೆ ಹೊಳೆದುದನ್ನು, ಓದುಗರ ಮುಂದೆ ಇಡುತ್ತಿದ್ದೇನೆ.

1981ರಲ್ಲಿ ಬಂದ ಐ.ಬಿ.ಎಂ. ಕಂಪನಿಯ ಮೊದಲ ಪರ್ಸನಲ್ ಕಂಪ್ಯೂಟರ್ ಲೆಕ್ಕದಲ್ಲಿ ಜಾಣ. ಸಂಗೀತದಲ್ಲಿ ಮಾತ್ರ ಕುಂಯ್ ಎನ್ನುವುದಷ್ಟೇ ಅದಕ್ಕೆ ಬರುತ್ತಿದ್ದುದು. ಅದಕ್ಕೆ ಕಂಠ ಕೊಟ್ಟದ್ದು ಸೌಂಡ್ ಕಾರ್ಡ್. 1987ರಲ್ಲಿ ಕೆನಡಾ ದೇಶದ ಆಡ್‌ಲಿಬ್ ಕಂಪನಿಯೂ, 1989ರಲ್ಲಿ ಸಿಂಗಪುರದ ಕ್ರಿಯೇಟಿವ್ ಕಂಪನಿಯೂ ಇಂಥ ಕಾರ್ಡುಗಳನ್ನು ಮಾರುಕಟ್ಟೆಗೆ ತಂದವು. ಆಟಗಳಲ್ಲಿ ಗುಂಡಿನ ಸದ್ದು ಚೆನ್ನಾಗಿ ಕೇಳಲೆಂದು ಹುಡುಗರು ಅವನ್ನು ಕೊಂಡರು. ಈಗ ಅದು ಬೇರೆಯ ಹಲಗೆಯಾಗಿ ಉಳಿಯದೆ ಕಂಪ್ಯೂಟರಿನ ಒಡಲಲ್ಲೇ ಸಣ್ಣ ಚಿಪ್ಪಾಗಿ ಕುಳಿತಿದೆ. ಕಂಠ ಕೊಟ್ಟದ್ದು ಎಂದೆ; ಅದಕ್ಕಿಂತ ದೊಡ್ಡ ಉಪಕಾರವೆಂದರೆ ಅದು ಯಂತ್ರಕ್ಕೆ ಕಿವಿಯನ್ನು ಕೊಟ್ಟಿತು.

ಕಿವಿಯ ಕೆಲಸ ಹೀಗೆ. ದನಿ ಎಂಬುದು ಗಾಳಿಯ ಅಲೆ. ಟೇಪಿನಿಂದ ತಂತಿಯ ಮೂಲಕ ಬರುವಾಗ ಅದು ವಿದ್ಯುತ್ತಿನ ಅಲೆ. ಸೌಂಡ್ ಕಾರ್ಡ್ ಆ ಅಲೆಯ ಎತ್ತರವನ್ನು ಒಂದು ಸೆಕೆಂಡಿಗೆ 44,100 ಸಲ ಅಳೆದು, ಪ್ರತಿ ಅಳತೆಯನ್ನೂ ಒಂದು ಅಂಕಿಯಾಗಿ ಬರೆದಿಡುತ್ತದೆ. ಅಷ್ಟೇಕೆ ಎಂದು ಕೇಳಬಹುದು. ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ಸ್ವರವನ್ನು ಕೇಳಬಲ್ಲದು. ಒಂದು ಕಂಪನವನ್ನು ಗುರುತಿಸಲು ಎರಡಕ್ಕಿಂತ ಹೆಚ್ಚು ಅಳತೆಗಳಾದರೂ ಬೇಕು. ಕಂಸಾಳೆಯ ಹಿತ್ತಾಳೆ ಚಿಮ್ಮಿಸುವ ಅತಿ ಸಣ್ಣ ಝಣತ್ಕಾರ ಆ ಮೇಲಿನ ಮೆಟ್ಟಿಲುಗಳಲ್ಲಿಯೇ ಇರುತ್ತದೆ. ಅಳತೆಗೋಲಿನ ಮೇಲೆ 65,536 ಗೆರೆಗಳು. ಎಡ ಬಲ ಎರಡೂ ಕಿವಿಗಳ ಲೆಕ್ಕ ಹಿಡಿದರೆ ಒಂದು ಗಂಟೆಯ ಹಾಡು 63 ಕೋಟಿ 50 ಲಕ್ಷ 40 ಸಾವಿರ ಬೈಟುಗಳಷ್ಟು ಜಾಗ ಹಿಡಿಯುತ್ತದೆ. ನಮ್ಮ ಲಿಪಿಕಾರ ಇಷ್ಟು ಅಕ್ಷರ ಕೊರೆಯಲು ಎಷ್ಟು ಜನ್ಮ ಎತ್ತಬೇಕಾಗುತ್ತಿತ್ತೋ!

ಮೇಜಿನ ಮೇಲಿನ ಕಂಪ್ಯೂಟರಿನ ಬೆನ್ನಿಗೆ ಸಾಮಾನ್ಯವಾಗಿ ಮೂರು ಬಣ್ಣದ ತೂತುಗಳಿರುತ್ತವೆ. ಹಸಿರು ದನಿ ಹೊರಡುವ ಬಾಗಿಲು, ನಸುಗೆಂಪು ಮೈಕಿನ ಬಾಗಿಲು, ನೀಲಿ ಬೇರೆ ಯಂತ್ರದಿಂದ ದನಿ ಬರುವ ಬಾಗಿಲು. ಟೇಪಿನ ತಂತಿ ಸೇರಬೇಕಾದುದು ನೀಲಿಗೆ. ಮೈಕಿನ ಬಾಗಿಲು ಕ್ಷೀಣವಾದ ದನಿಯನ್ನು ಹಲವು ಪಾಲು ಹಿಗ್ಗಿಸುವುದಕ್ಕಾಗಿ ಇರುವಂಥದು; ಅಲ್ಲಿಗೆ ಟೇಪಿನ ದನಿ ಹೊಕ್ಕರೆ ಕಂಸಾಳೆಯ ಒಂದೊಂದು ಪೆಟ್ಟೂ ಒಡೆದ ಮಡಕೆಯ ಸದ್ದಾಗುತ್ತದೆ. ಇಂದಿನ ಮಡಿಲ ಕಂಪ್ಯೂಟರುಗಳಲ್ಲಿ ನೀಲಿ ಬಾಗಿಲೇ ಇಲ್ಲದಿರುವುದು ಸಾಮಾನ್ಯ; ಅವಕ್ಕೆ ಯು.ಎಸ್.ಬಿ.ಗೆ ಸಿಕ್ಕಿಸುವ ಸಣ್ಣ ಹೊರಗಿನ ಸಾಧನ ಬೇಕು. ದನಿಯ ಮಟ್ಟ ತೋರಿಸುವ ಪಟ್ಟಿ ಅತಿ ಗಟ್ಟಿಯ ಪೆಟ್ಟಿಗೂ ಕೆಂಪನ್ನು ಮುಟ್ಟಬಾರದು. ಮೆತ್ತಗೆ ಹಿಡಿದುದನ್ನು ಆಮೇಲೆ ಏರಿಸಬಹುದು. ತಲೆ ಕತ್ತರಿಸಿಹೋದ ಅಲೆಗೆ ಮತ್ತೆ ತಲೆ ಬರಿಸುವುದು ಸಾಧ್ಯವಿಲ್ಲ.

ಇದು ಹೊರಗಿನ ದನಿಯ ಮಾತಾಯಿತು. ಕೆಲವು ವೇಳೆ ದನಿ ಕಂಪ್ಯೂಟರಿನೊಳಗೇ ನುಡಿಯುತ್ತಿರುತ್ತದೆ, ಆದರೆ ಕೈಗೆ ಸಿಕ್ಕುವುದಿಲ್ಲ. 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದ ಹೊರಡಿಸಿದ ಬಾನುಲಿ ‘ಆಕಾಶವಾಣಿ’ ಎಂಬ ಹೆಸರು ಪಡೆಯಿತಷ್ಟೆ. ಇಂದು ಆಕಾಶವಾಣಿಯ ಕಾರ್ಯಕ್ರಮಗಳು ಅಂತರಜಾಲದಲ್ಲಿಯೂ ಹರಿದುಬರುತ್ತವೆ. ಒಂದು ರಾತ್ರಿ ಜಾನಪದ ಗಾಯನ ಬಿತ್ತರವಾಯಿತೆನ್ನಿ, ಹರಿದುಹೋದದ್ದು ಹೋಯಿತು. ಅಥವಾ ಹಳೆಯ ಯಂತ್ರವೊಂದರಲ್ಲಿ ಹಳೆಯ ತಂತ್ರಾಂಶದ ಮೂಲಕ ಮಾತ್ರ ನುಡಿಯುವ ದನಿಯ ಕಡತವಿರುತ್ತದೆ. ಹೊಸ ಯಂತ್ರಕ್ಕೆ ಒಯ್ದರೆ ಅದು ಬಾಯಿಬಿಡುವುದಿಲ್ಲ. ಆಗೇನು ಮಾಡಬೇಕು? ನುಡಿಯುತ್ತಿರುವಾಗಲೇ ಹಿಡಿಯಬೇಕು.

ಹೊನ್ನುಹೊಳೆಯ ಬಯಲಿನವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಕಾಲುವೆಯ ನೀರು ಗದ್ದೆಗೆ ಹೋಗುತ್ತಿರುವಾಗ ನಡುವೆ ಒಂದು ಕವಲು ತೆಗೆದು ತೋಟದ ತೊಟ್ಟಿಗೂ ಬಿಟ್ಟುಕೊಳ್ಳುವುದುಂಟು. ಹಾಗೆಯೇ ಸೌಂಡ್ ಕಾರ್ಡಿನ ಮೂಲಕ ಸ್ಪೀಕರಿಗೆ ಹೋಗುವ ದನಿಗೆ ಒಂದು ಕವಲುಗಾಲುವೆ ತೆಗೆದು ಕಡತಕ್ಕೂ ಹರಿಸುವುದು. ಒರಟು ದಾರಿಯೆಂದರೆ ಹಸಿರು ಬಾಗಿಲಿನಿಂದ ನೀಲಿ ಬಾಗಿಲಿಗೆ ತುಂಡು ತಂತಿ ಹಾಕುವುದು. ಅದಕ್ಕಿಂತ ನಯವಾದುದು ಹಲವು ಕಾರ್ಡುಗಳಲ್ಲಿಯೇ ಇರುವ ‘ಸ್ಟೀರಿಯೊ ಮಿಕ್ಸ್’ ಎಂಬ ಏರ್ಪಾಡು. ವಿಂಡೋಸಿನ ದನಿಮುದ್ರಣದ ಪಟ್ಟಿಯಲ್ಲಿ ಅದು ಹೆಚ್ಚಾಗಿ ಅಡಗಿರುತ್ತದೆ. ನಿಷ್ಕ್ರಿಯ ಸಾಧನಗಳನ್ನೂ ತೋರಿಸು ಎಂದರೆ ಹೊರಬರುತ್ತದೆ. ಅದೂ ಇಲ್ಲದ ಯಂತ್ರಗಳಲ್ಲಿ, 2007ರ ವಿಂಡೋಸ್ ವಿಸ್ತಾದಿಂದೀಚೆಗೆ, ಕಾರ್ಡಿನ ಹಂಗಿಲ್ಲದೆ ನುಡಿಯುವ ದನಿಯನ್ನೇ ಹಿಂದಿರುಗಿಸಿ ಹಿಡಿಯುವ ‘ಲೂಪ್‌ಬ್ಯಾಕ್’ ಎಂಬ ಮಾರ್ಗವಿದೆ. 2000ದಲ್ಲಿ ಮೊದಲು ಹೊರಬಂದು ಇಂದಿಗೂ ಹಣವಿಲ್ಲದೆ ದೊರೆಯುವ ಆಡಾಸಿಟಿ ಎಂಬ ತಂತ್ರಾಂಶ ಈ ದಾರಿಯನ್ನು ಬಲ್ಲದು. ಲಿನಕ್ಸಿನಲ್ಲಿ ಇದೇ ಕವಲಿಗೆ ‘ಮಾನಿಟರ್’ ಎಂದು ಹೆಸರು.

ಕವಲುಗಾಲುವೆಗೆ ಒಂದು ಸ್ವಭಾವವಿದೆ: ಮುಖ್ಯ ಕಾಲುವೆಯಲ್ಲಿ ಏನು ತೇಲಿಬಂದರೂ ಅದು ಇಲ್ಲಿಗೂ ಬರುತ್ತದೆ. ಮಾದೇಶ್ವರ ಹುಲಿಯೇರಿ ಬರುವ ಘಟ್ಟದಲ್ಲಿ ಕಂಪ್ಯೂಟರಿಗೆ ಯಾವುದೋ ಪತ್ರ ಬಂದು ಟಿಂಗ್ ಎಂದರೆ ಆ ಟಿಂಗೂ ಕಾವ್ಯದೊಳಗೆ ಶಾಶ್ವತವಾಗಿ ಸೇರಿಕೊಳ್ಳುತ್ತದೆ. ಆದ್ದರಿಂದ ಬೇರೆಲ್ಲ ಕೆಲಸಗಳನ್ನು ಮುಚ್ಚಿ, ಅಂತರಜಾಲ ಬೇಡವಾದಲ್ಲಿ ಅದನ್ನೂ ಕಳಚಿ, ಯಂತ್ರವನ್ನು ಏಕಾಗ್ರಗೊಳಿಸಿ ಕೂರಿಸಬೇಕು. ಇನ್ನೊಂದು ಮಾತು: ಎಂ.ಪಿ.3 ರೂಪದಲ್ಲಿ ಬಂದ ಹಾಡು ಮೊದಲೇ ಹತ್ತರಲ್ಲೊಂದು ಪಾಲಿಗೆ ಇಳಿದಿರಬಹುದು. ಅದನ್ನು ಎಷ್ಟು ಜಾಗದಲ್ಲಿ ಹರಡಿ ಬರೆದರೂ ಕಳೆದುಹೋದ ಒಂಬತ್ತು ಪಾಲು ಮರಳುವುದಿಲ್ಲ.

ನನಗೆ ಹೊಳೆಯಿತೆಂದುದು ಈ ಮುಂದಿನ ಸಂಗತಿ. ಕಂಪ್ಯೂಟರು ಒಂದು ಪುಸ್ತಕಭಂಡಾರವನ್ನೇ ಕಣ್ಣು ಮಿಟುಕಿಸುವಷ್ಟರಲ್ಲಿ ಪ್ರತಿಮಾಡಬಲ್ಲದು. ಆದರೆ ನುಡಿಯುತ್ತಿರುವ ದನಿಯನ್ನು ಹೀಗೆ ಹಿಡಿಯಬೇಕಾದಾಗ ಅದರ ಬಿರುಸೆಲ್ಲ ಅಡಗುತ್ತದೆ. ಒಂದು ಗಂಟೆಯ ಹಾಡಿಗೆ ಒಂದು ಗಂಟೆ; ಇರುಳೆಲ್ಲ ನಡೆದ ಹಾಡಿಗೆ ಇರುಳಿನಷ್ಟೇ ಹೊತ್ತು. ‘ಇಷ್ಟು ನಿಧಾನವೇಕೆ ಸಾರ್, ಬೇಗ ಆಗೋದಿಲ್ಲವೆ?’ ಎಂದು ವಿದ್ಯಾರ್ಥಿಗಳು ಮೊದಮೊದಲು ಚಡಪಡಿಸಿದರು. ಆಗುವುದಿಲ್ಲ. ಯಂತ್ರವೂ ಕೈಕಟ್ಟಿ ಕುಳಿತು ಕೇಳಲೇಬೇಕು. ಅದರ ಕಾವಲಿಗೆ ಕುಳಿತವನೂ ಕೇಳಲೇಬೇಕು. ಈ ನಿಧಾನ ದೋಷವಲ್ಲ, ವರ. ಲಿಪಿಕಾರನು ಪ್ರತಿಮಾಡುತ್ತ ಕಾವ್ಯವನ್ನು ಅಕ್ಷರಶಃ ಓದಿದವನಾಗುತ್ತಿದ್ದ. ಇಂದಿನ ಪ್ರತಿಕಾರನೂ ಕೇಳಿದವನಾಗುತ್ತಾನೆ.

ಕೇಳಿದುದರಿಂದ ಏನಾಯಿತು? ನಮ್ಮ ಸೀಮೆಯ ಆಡುಮಾತಿನಲ್ಲಿ ಹಕಾರ ಉದುರುತ್ತದೆ, ಣಕಾರ ನಕಾರವಾಗುತ್ತದೆ. ಹಾಲು ‘ಆಲು’, ಹೂವು ‘ಊವು’, ಕಣಪ್ಪ ‘ಕನಪ್ಪ’. ಸಂಪಾದಕರು ಅಚ್ಚಿಗೆ ಕೊಡುವಾಗ ಇಂಥ ರೂಪಗಳನ್ನು ಉಳಿಸಬೇಕೋ ತಿದ್ದಬೇಕೋ ಎಂದು ಒಂದೊಂದು ಪದಕ್ಕೂ ತೀರ್ಮಾನಿಸಬೇಕು. ದನಿಯ ಪ್ರತಿಗೆ ಆ ಗೊಡವೆಯಿಲ್ಲ. ತರಗತಿಯಲ್ಲಿ ಬಾಯಿತೆರೆದರೆ ಹಕಾರ ಎಲ್ಲಿ ತಪ್ಪೀತೋ ಎಂದು ಅಂಜಿ ಮೂಕನಂತಿರುತ್ತಿದ್ದ ಅದೇ ಹುಡುಗ, ತನ್ನ ತಾತನ ಸುರುಳಿ ಮುಗಿಯುವ ಹೊತ್ತಿಗೆ ನನ್ನನ್ನು ಕೇಳಿದ: ‘ಸಾರ್, ಇದು ನಮ್ಮನೆ ಮಾತು ಕನ ಸಾರ್. ಇದ್ರಲ್ಲೂ ಕಾವ್ಯ ಆಯ್ತದ?’ ಆಗುತ್ತದೆ ಎಂದು ನಾನು ಹೇಳಬೇಕಾಗಿರಲಿಲ್ಲ, ತಾತನೇ ಹೇಳಿಯಾಗಿತ್ತು. ಛಂದಸ್ಸಿನ ಹತ್ತು ಪಾಠಗಳಿಂದ ಆಗದುದು ಆ ಮುಕ್ಕಾಲು ಗಂಟೆಯಿಂದ ಆಯಿತು.

ಪ್ರತಿ ಸಿದ್ಧವಾದ ಮೇಲೆ ಅದನ್ನು ‘ಶುದ್ಧ’ಗೊಳಿಸುವ ಚಪಲ ಎಲ್ಲರಿಗೂ ಬರುತ್ತದೆ. ಹಿನ್ನೆಲೆಯ ಬುಸುಗುಟ್ಟುವಿಕೆಯನ್ನು ಅಳಿಸುವ ಸಾಧನಗಳು ತಂತ್ರಾಂಶದಲ್ಲಿವೆ. ಆದರೆ ಅವುಗಳ ತರ್ಕ ಯಾವುದು? ಎಡೆಬಿಡದೆ ಒಂದೇ ಸಮನೆ ಕೇಳುವುದು ಕಸ, ಏರಿಳಿಯುವುದು ಕಾಳು ಎಂಬುದು. ನೀಲಗಾರರ ತಂಬೂರಿ ಎಡೆಬಿಡದೆ ಒಂದೇ ಸಮನೆ ಮಿಡಿಯುತ್ತದೆ! ಬಿರುಸಾಗಿ ಉಜ್ಜಿದರೆ ಬುಸುಗಾಟದೊಡನೆ ಶ್ರುತಿಯೂ ತೊಳೆದುಹೋಗಿ, ಗಾಯಕ ನಿರ್ವಾತದಲ್ಲಿ ನಿಂತು ಹಾಡಿದಂತಾಗುತ್ತದೆ. ನಡುವೆ ಕೂಗಿದ ಕೋಳಿ, ಅತ್ತ ಮಗು, ‘ನೀರು ಕೊಡ್ರವ್ವ’ ಎಂದ ಗಾಯಕ—ಇವೂ ಆ ರಾತ್ರಿಯ ಪಾಠವೇ. ಕೇಳುವ ಸುಖಕ್ಕೆ ಬೇಕಾದರೆ ಬೇರೊಂದು ಪ್ರತಿಯನ್ನು ಒಪ್ಪಮಾಡಿಕೊಳ್ಳಲಿ. ಮೊದಲು ಇಳಿಸಿದ ಪ್ರತಿಗೆ ಮಾತ್ರ ಕೈ ಹಚ್ಚಬಾರದು.

ಇಷ್ಟೆಲ್ಲ ಆದರೂ ಒಂದು ಕೊರತೆ ಉಳಿಯಬಹುದು, ಅದು ಹೆಸರಿನದು. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ಕಂಪನಿಗಾಗಿ ಹಾಡಿದ ಗೌಹರ್ ಜಾನ್, ಹಾಡು ಮುಗಿದೊಡನೆ ತನ್ನ ಹೆಸರನ್ನು ತಾನೇ ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದಳು. ದೂರದ ಜರ್ಮನಿಯಲ್ಲಿ ತಟ್ಟೆ ಅಚ್ಚೊತ್ತುವವರಿಗೆ ಇದು ಯಾರ ಹಾಡೆಂದು ತಿಳಿಯಲಿ ಎಂದು ಆ ಏರ್ಪಾಡು. ಆಕೆ ಕೊನೆಯ ದಿನಗಳನ್ನು ಕಳೆದುದು ನಮ್ಮ ಮೈಸೂರಿನಲ್ಲಿ. ತೀರಿಕೊಂಡುದು 1930ರ ಜನವರಿಯಲ್ಲಿ. ನೂರಿಪ್ಪತ್ತು ವರ್ಷ ಕಳೆದ ಮೇಲೂ ಆ ಸವೆದ ತಟ್ಟೆಗಳಿಂದ ಇಳಿಸಿದ ಪ್ರತಿಗಳನ್ನು ಕೇಳಿದರೆ, ಕರಕರ ಸದ್ದಿನ ನಡುವೆ ಆ ಹೆಸರು ಗರ್ವದಿಂದ ಮೊಳಗುತ್ತದೆ. ನಮ್ಮ ತಂಬೂರಿಯವರಿಗೆ ಈ ಭಾಗ್ಯವಿಲ್ಲ. ಕೈಗೆ ಬರುವ ಸುರುಳಿಗಳ ಮೇಲೆ ‘ಜನಪದ’, ‘ದೇವರ ಹಾಡು’, ‘ಸೈಡ್ ಎ’ ಎಂದಷ್ಟೇ ಬರೆದಿರುತ್ತದೆ. ಹಾಡಿದವನು ಜನಪದವಲ್ಲ, ಒಬ್ಬ ಮನುಷ್ಯ. ಅವನಿಗೊಂದು ಊರು, ಒಬ್ಬ ಗುರು, ಒಂದು ಹೆಸರು ಇತ್ತು.

ಕಾನೂನೂ ಈಗ ಇದನ್ನು ಒಪ್ಪಿದೆ. 1957ರ ಕೃತಿಸ್ವಾಮ್ಯ ಕಾಯಿದೆಗೆ 1994ರಲ್ಲಿ ತಂದ ತಿದ್ದುಪಡಿ ಹಾಡುವವನಿಗೆ, ಆಡುವವನಿಗೆ ತನ್ನ ಪ್ರದರ್ಶನದ ಮೇಲೆ ಹಕ್ಕು ಕೊಟ್ಟಿತು; 2012ರ ತಿದ್ದುಪಡಿ ತನ್ನ ಪ್ರದರ್ಶನಕ್ಕೆ ತನ್ನ ಹೆಸರನ್ನೇ ಹೇಳಬೇಕೆನ್ನುವ ಹಕ್ಕನ್ನೂ ಕೊಟ್ಟಿತು. ಸ್ವಂತದ ಕೇಳ್ಮೆಗಾಗಿ, ಅಭ್ಯಾಸಕ್ಕಾಗಿ, ಸಂಶೋಧನೆಗಾಗಿ ನ್ಯಾಯವಾದ ಮಿತಿಯಲ್ಲಿ ಪ್ರತಿಮಾಡಿಕೊಳ್ಳುವುದನ್ನು ಕಾಯಿದೆ ತಡೆಯುವುದಿಲ್ಲ. ಮಾರುವುದು, ಊರಿಗೆಲ್ಲ ಹಂಚುವುದು ಬೇರೆಯ ಮಾತು. ಕಾಯಿದೆಗಿಂತ ಮೇಲಿನದು ಮರ್ಯಾದೆ. ಒಬ್ಬ ಹಿರಿಯ ನೀಲಗಾರರು ತಮ್ಮ ಸುರುಳಿಯನ್ನು ನಮಗೆ ಕೊಡುವಾಗ ಹೇಳಿದ್ದು ಇಷ್ಟೇ: ‘ಕೇಳೋವಾಗ ಕೆರ ಬುಟ್ಟು ಕೂತ್ಕಳಿ ಮೇಷ್ಟ್ರೇ. ಮಿಶನ್ನಾದ್ರೇನು, ಬರೋದು ಧರೆಗೆ ದೊಡ್ಡವರ ಮಾತೇಯ.’ ಅಂದಿನಿಂದ ನಮ್ಮ ಕೋಣೆಯ ಹೊರಗೆ ಚಪ್ಪಲಿಗಳ ಸಾಲು ನಿಲ್ಲುತ್ತದೆ.

ಆದ್ದರಿಂದ ನಾವೊಂದು ಪದ್ಧತಿ ಇಟ್ಟುಕೊಂಡಿದ್ದೇವೆ. ಪ್ರತಿ ಕಡತದ ಮೊದಲಲ್ಲಿ ವಿದ್ಯಾರ್ಥಿಯೊಬ್ಬ ತನ್ನ ದನಿಯಲ್ಲಿ ಹಾಡಿದವರ ಹೆಸರು, ಊರು, ಹಿಮ್ಮೇಳದವರು, ಹಾಡಿದ ಸಂದರ್ಭ, ಸುರುಳಿ ಯಾರ ಮನೆಯದು, ಇಳಿಸಿದ ದಿನ ಯಾವುದು ಎಂದು ಓದಿ ಹೇಳುತ್ತಾನೆ, ಆಮೇಲೆ ಹಾಡು. ಚೀಟಿ ಹರಿದೀತು, ಕಡತದ ಹೆಸರು ಬದಲಾದೀತು. ದನಿಯೊಳಗೇ ಹೊಲಿದ ಹೆಸರು ಹಾಡಿನೊಡನೆ ಸಾಗುತ್ತದೆ. ಒಂದು ಪ್ರತಿ ಮನೆಯವರಿಗೆ, ಒಂದು ಕಾಲೇಜಿಗೆ, ಒಂದು ಬೇರೊಂದು ಊರಿನ ಬೇರೊಂದು ಪೆಟ್ಟಿಗೆಗೆ. ಪ್ರತಿಯಾದ ಸುರುಳಿಯನ್ನೂ ಎಸೆಯುವುದಿಲ್ಲ. ನಾಳೆ ಇದಕ್ಕಿಂತ ಒಳ್ಳೆಯ ಕಿವಿಯ ಯಂತ್ರ ಬಂದೀತು.

ಹಳೆಯ ಓಲೆಗಳ ಕೊನೆಯಲ್ಲಿ ಲಿಪಿಕಾರ ಒಂದು ಬಿನ್ನಹವನ್ನು ಬರೆಯುತ್ತಿದ್ದುದುಂಟು: ಎಣ್ಣೆಯಿಂದ, ನೀರಿನಿಂದ, ಸಡಿಲವಾದ ಕಟ್ಟಿನಿಂದ ಈ ಗ್ರಂಥವನ್ನು ಕಾಪಾಡಿ ಎಂದು. ಅದೇ ಬಿನ್ನಹವನ್ನು ನಾನೂ ಓದುಗರಲ್ಲಿ ಮಾಡಿಕೊಳ್ಳುತ್ತೇನೆ. ತಮ್ಮ ಮನೆಯ ಟ್ರಂಕಿನಲ್ಲಿ ಅಂಥ ಸುರುಳಿಯಿದ್ದರೆ ಬಿಸಿಲಿಗೂ ತೇವಕ್ಕೂ ಬಿಡದೆ ಹೊರತೆಗೆಯಿರಿ. ಹಾಡಿದವರನ್ನು ಬಲ್ಲ ಹಿರಿಯರು ಇರುವಾಗಲೇ ಅವರ ಹೆಸರನ್ನು ಕೇಳಿ ಬರೆದುಕೊಳ್ಳಿ. ಒಂದು ತುಂಡು ತಂತಿ, ಒಂದು ಹಳೆಯ ಕಂಪ್ಯೂಟರು, ಹಾಡು ಎಷ್ಟು ಹೊತ್ತೋ ಅಷ್ಟು ಹೊತ್ತಿನ ಬಿಡುವು—ಬೇಕಾದುದು ಇಷ್ಟೇ. ಮೊದಲ ಎರಡು ಎಲ್ಲಿಯಾದರೂ ದೊರೆತಾವು. ಮೂರನೆಯದನ್ನು ಮಾತ್ರ ನಾವು ನಾವೇ ಕೊಡಬೇಕು.